ಎಷ್ಟು ಡಾಕ್ಟರನ್ನು ನೋಡಿದಿರಿ?

ಕಳೆದ ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ ಪೇಪರ್ ಹಿಡಿದು ಕೂತಿದ್ದೆ. ಬೆಲ್ ಆಯಿತು. ಬಾಗಿಲು ತೆರೆದರೆ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ಅಕ್ಕ, ಅವರ ಬೆನ್ನ ಹಿಂದೆ ಮಗ. ಕಾರ್ಕಳದ ಕಡೆಯವರು, ಡೊಂಬಿವಲಿಗೆ ಬಂದು ಇಪ್ಪತ್ತೈದು ವರ್ಷ ಆಗಿರಬೇಕು.

"ಅಣ್ಣಾ, ಇವನಿಗೆ ಮದ್ದಿನ ಕಂಪನಿಯಿಂದ ಇಂಟರ್‌ವ್ಯೂ ಬಂದಿದೆ, ಸೇಲ್ಸಿನದ್ದು. ನೀವು ಅದರಲ್ಲೇ ಇದ್ದವರಲ್ವಾ, ಸ್ವಲ್ಪ ಹೇಳಿಕೊಡಿ ಮಾರಾಯ್ರೆ" ಅಂದರು.

ಹುಡುಗ ಒಳ್ಳೆಯವ. ಇಲ್ಲಿಯ ಕರ್ನಾಟಕ ಸಂಘದ ಮಂಜುನಾಥ ಶಾಲೆಯಲ್ಲಿ ಓದಿ, ಆಮೇಲೆ ಬಿ.ಎಸ್ಸಿ. ಮಾಡಿದ್ದಾನೆ. ಅವನ ಇಂಟರ್‌ವ್ಯೂ ಒಂದೇ ದಿನದ್ದಲ್ಲವಂತೆ. ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷೆ, ಆಮೇಲೆ ವೀಡಿಯೋದಲ್ಲಿ ಮಾತುಕತೆ. ಇವೆರಡೂ ಆಗಿವೆ. ಗುರುವಾರ ಥಾಣೆಯಲ್ಲಿ ಒಬ್ಬ ಸೀನಿಯರ್ ಜೊತೆ ಒಂದು ದಿನ ತಿರುಗಾಟ, ಕೊನೆಗೆ ನವಿ ಮುಂಬಯಿಯಲ್ಲಿ ದೊಡ್ಡವರ ಎದುರು ಕೂರುವುದು. ಎಲ್ಲ ವಿವರ ಹೇಳಿ ಕೊನೆಗೆ ಕೇಳಿದ: "ಅಂಕಲ್, ಅವರಿಗೆ ಏನು ಹೇಳಿದ್ರೆ ಖುಷಿ ಆಗ್ತದೆ?"

ಶೂ ಪಾಲಿಶ್ ಮಾಡು, ಹತ್ತು ನಿಮಿಷ ಮೊದಲೇ ಹೋಗು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು... ಎಲ್ಲರೂ ಹೇಳುವುದನ್ನೇ ನಾನೂ ಹೇಳಿ ಕಳಿಸಿದೆ. ಆದರೆ ಅವನ ಪ್ರಶ್ನೆ ಮಾತ್ರ ಹೋಗಲಿಲ್ಲ. 1989ರಲ್ಲಿ ನಾನೂ ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಇದೇ ಊರುಗಳಲ್ಲಿ ತಿರುಗಿದ್ದೆ. ಆ ಕಥೆಯನ್ನು ಪೂರ್ತಿಯಾಗಿ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿಬಿಡುತ್ತೇನೆ.

ನಾನು ಮುಂಬಯಿಗೆ ಬಂದದ್ದು 1979ರಲ್ಲಿ, ಏಳನೇ ಕ್ಲಾಸು ಮುಗಿಸಿ. ಆಗ ನನಗೆ ಹದಿನಾಲ್ಕು. ಫೋರ್ಟಿನ ಒಂದು ಹೋಟೇಲಿನಲ್ಲಿ ಮಾವ ಗಲ್ಲಾದಲ್ಲಿದ್ದರು. ನನ್ನನ್ನು ಮೋರಿಗೆ ಹಾಕಿದರು. ಮೋರಿ ಅಂದರೆ ಲೋಟ-ತಟ್ಟೆ ತೊಳೆಯುವ ಜಾಗ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಗಲು ಮೋರಿ, ರಾತ್ರಿ ಶಾಲೆ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮುಂತಾದ ನಮ್ಮ ಸಂಘಗಳು ರಾತ್ರಿ ಶಾಲೆಗಳನ್ನು ನಡೆಸದಿದ್ದರೆ ನನ್ನಂಥ ಎಷ್ಟೋ ಹುಡುಗರು ಕೊನೆಯವರೆಗೂ ಮೋರಿಯಲ್ಲೇ ಇರುತ್ತಿದ್ದರು. ಮೋರಿಯಿಂದ ಟೇಬಲ್ ಒರೆಸುವುದಕ್ಕೆ, ಅಲ್ಲಿಂದ ಸಪ್ಲಾಯರ್ ಕೆಲಸಕ್ಕೆ. 1986ರಲ್ಲಿ ಮಾವ ಡೊಂಬಿವಲಿ ಪೂರ್ವದಲ್ಲಿ ಪಾಲುದಾರಿಕೆಯಲ್ಲಿ ಹೋಟೇಲು ಹಿಡಿದಾಗ ನನ್ನನ್ನು ಗಲ್ಲಾಕ್ಕೆ ಕೂರಿಸಿದರು. ಬೆಳಿಗ್ಗೆ ಆರಕ್ಕೆ ಗಲ್ಲಾ, ಸಂಜೆ ವೀಟಿ ಕಡೆಯ ಲೋಕಲ್ ಹಿಡಿದು ನೈಟ್ ಕಾಲೇಜು. ಊರೆಲ್ಲ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತಿಗೆ ನಾನು ಖಾಲಿ ಗಾಡಿಯಲ್ಲಿ ಉಲ್ಟಾ ಹೋಗುತ್ತಿದ್ದೆ. ಕೂರಲು ಕಿಟಕಿ ಸೀಟು, ಓದಲು ಒಂದು ಗಂಟೆಗಿಂತ ಹೆಚ್ಚು ಹೊತ್ತು. ನನ್ನ ಬಿ.ಕಾಂ. ಆದದ್ದು ಆ ಕಿಟಕಿಯ ಪಕ್ಕ.

1988ರಲ್ಲಿ ಡಿಗ್ರಿ ಬಂತು. ಮಾವನ ಲೆಕ್ಕಾಚಾರ ಸರಳ. "ಇನ್ನು ಓದಿದ್ದು ಸಾಕು. ಎರಡು ವರ್ಷ ಕೂತರೆ ನಿನಗೂ ಒಂದು ಪಾಲು ಕೊಡ್ತೇನೆ." ತಪ್ಪು ಮಾತೇನಲ್ಲ. ಆದರೆ ನನಗೆ ಟೈ ಕಟ್ಟುವ ಆಸೆ. ಬೆಳಿಗ್ಗೆ ಹತ್ತಕ್ಕೆ ಚರ್ಮದ ಬ್ಯಾಗು ಹಿಡಿದು ನಮ್ಮಲ್ಲಿಗೆ ಚಹಾಕ್ಕೆ ಬರುವ ಮೆಡಿಕಲ್ ರೆಪ್ರೆಸೆಂಟೇಟಿವ್‌ಗಳನ್ನು ನೋಡಿ ನೋಡಿ ಹಿಡಿದ ಹುಚ್ಚು ಅದು. ಬಿಲ್ಲು ಕೊಡುವಾಗ ನನ್ನನ್ನು "ಅಣ್ಣಾ" ಅನ್ನುತ್ತಿದ್ದರು. ಮುಂಬಯಿಯಲ್ಲಿ ಹೋಟೇಲಿನವರೆಲ್ಲ ಅಣ್ಣಾ, ವಯಸ್ಸು ಎಷ್ಟೇ ಆಗಿರಲಿ. ಒಮ್ಮೆ ಯಾರಾದರೂ ನನ್ನನ್ನು ಮಿಸ್ಟರ್ ಅಂತ ಕರೆಯಲಿ ಅಂತ ನನಗಿತ್ತು.

ಆ ಕೆಲಸಕ್ಕೆ ಆಗ ಬೇಡಿಕೆಯೂ ಇತ್ತು. 1970ರ ಪೇಟೆಂಟ್ ಕಾಯಿದೆ 1972ರಲ್ಲಿ ಜಾರಿಗೆ ಬಂದ ಮೇಲೆ ನಮ್ಮಲ್ಲಿ ಮದ್ದು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಸಿಗುತ್ತಿತ್ತು, ಮದ್ದಿಗಲ್ಲ. 2005ರವರೆಗೂ ಹಾಗೇ ನಡೆಯಿತು. ಹಾಗಾಗಿ ಒಂದೇ ಮದ್ದನ್ನು ಹತ್ತಾರು ಕಂಪನಿಗಳು ಬೇರೆ ಬೇರೆ ಹೆಸರಲ್ಲಿ ಮಾಡುತ್ತಿದ್ದವು. ಒಳಗಿರುವುದು ಒಂದೇ ಆದರೆ ಡಾಕ್ಟರ್ ಯಾವ ಹೆಸರು ಬರೆಯಬೇಕು? ಬಾಗಿಲ ಹೊರಗೆ ಕಾದು, ಒಳಗೆ ಹೋಗಿ, ನೆನಪಿಸಿ ಬಂದವನ ಹೆಸರು. ಆ ನೆನಪಿಸುವವನೇ ರೆಪ್.

ಇಂಗ್ಲಿಷ್ ಪೇಪರಿನ ಉದ್ಯೋಗ ಪುಟದಲ್ಲಿ ಜಾಹೀರಾತು ಬಂತು. ಥಾಣೆ-ಬೇಲಾಪುರ ರಸ್ತೆಯ ಒಂದು ಕಂಪನಿ. ಹೆಸರು ಬೇಡ. ಪದವೀಧರರು ಬೇಕು, ವಿಜ್ಞಾನದವರಿಗೆ ಆದ್ಯತೆ, ಕೆಲಸದ ವ್ಯಾಪ್ತಿ ಡೊಂಬಿವಲಿಯಿಂದ ಕಲ್ಯಾಣ್, ಉಲ್ಲಾಸನಗರದವರೆಗೆ. ನಾನು ಕಾಮರ್ಸಿನವ. ಆದರೂ ಅರ್ಜಿ ಹಾಕಿದೆ. ಅರ್ಜಿಯಲ್ಲಿ "ಅನುಭವ" ಅಂತ ಒಂದು ಕಾಲಂ. ಪೆನ್ನು ಹಿಡಿದು ತುಂಬಾ ಹೊತ್ತು ಕೂತೆ. ಕೊನೆಗೆ ಬರೆದೆ: ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ ಸಹಾಯಕ. ಗಲ್ಲಾದಲ್ಲಿ ಕೂರುವುದು ಲೆಕ್ಕ ತಾನೇ! ಹತ್ತು ವರ್ಷದ ಹೋಟೇಲು ಆ ಒಂದು ಸಾಲಿನಲ್ಲಿ ಮಾಯವಾಯಿತು.

ಮೊದಲನೆಯ ಸುತ್ತು ಥಾಣೆಯಲ್ಲಿ, ಸ್ಟೇಷನ್ ಹತ್ತಿರದ ಒಂದು ಹೋಟೇಲಿನ ಹಾಲಿನಲ್ಲಿ. ಭಾನುವಾರ. ರೂಮಿನ ಗೆಳೆಯನ ಟೈ, ಅವನೇ ಗಂಟು ಹಾಕಿ ಕೊಟ್ಟಿದ್ದ. ಬಿಚ್ಚಿದರೆ ಮತ್ತೆ ಕಟ್ಟಲು ಬರುವುದಿಲ್ಲ ಅಂತ ಹಿಂದಿನ ರಾತ್ರಿಯೇ ಕೊರಳಿಗೆ ಅಳತೆ ನೋಡಿ ಮೊಳೆಗೆ ನೇತುಹಾಕಿದ್ದೆವು. ಹೋಗಿ ನೋಡಿದರೆ ಇನ್ನೂರಕ್ಕೆ ಕಡಿಮೆ ಇಲ್ಲದ ಜನ. ಎಲ್ಲರದ್ದೂ ಟೈ. ಎಲ್ಲರೂ ನನಗಿಂತ ಎತ್ತರ ಅನ್ನಿಸಿತು.

ಬರಹದ ಪರೀಕ್ಷೆಯಲ್ಲಿ ಒಂದು ಲೆಕ್ಕ ಇತ್ತು. ಅಂಗಡಿಯವನಿಗೆ ಹತ್ತು ಬಾಟ್ಲಿಗೆ ಒಂದು ಬಾಟ್ಲಿ ಉಚಿತ ಕೊಟ್ಟರೆ ಶೇಕಡಾ ಎಷ್ಟು ರಿಯಾಯಿತಿ? ಪಕ್ಕದವ ಥಟ್ಟನೆ ಹತ್ತು ಅಂತ ಬರೆದ. ನಾನು ಗಲ್ಲಾದವ. ಕೈಗೆ ಬಂದದ್ದು ಹನ್ನೊಂದು, ದುಡ್ಡು ಕೊಟ್ಟದ್ದು ಹತ್ತಕ್ಕೆ, ಅಂದ ಮೇಲೆ ಹನ್ನೊಂದರಲ್ಲಿ ಒಂದು. 9.09 ಅಂತ ಬರೆದೆ. ಮಧ್ಯಾಹ್ನ ಉಳಿದವರು ನಲವತ್ತು ಜನ.

ಆಮೇಲೆ ಎಂಟೆಂಟು ಜನರನ್ನು ಸುತ್ತ ಕೂರಿಸಿ ಒಂದು ವಿಷಯ ಕೊಟ್ಟು ಚರ್ಚೆ ಮಾಡಿ ಅಂದರು. ಚರ್ಚೆ ಎಂದರೆ ಯಾರ ದನಿ ದೊಡ್ಡದೋ ಅವರದ್ದು. ಎಲ್ಲರದ್ದೂ ಕಾನ್ವೆಂಟ್ ಇಂಗ್ಲಿಷು. ನಾನು ಕನ್ನಡ ಮೀಡಿಯಂ. ಒಂದು ವಾಕ್ಯ ಮನಸ್ಸಿನಲ್ಲೇ ಜೋಡಿಸಿ ಬಾಯಿ ತೆರೆಯುವಷ್ಟರಲ್ಲಿ ವಿಷಯ ಮುಂದಿನ ಸ್ಟೇಷನ್ ದಾಟಿರುತ್ತಿತ್ತು. ಕೊನೆಗೆ, ಮೂಲೆಯಲ್ಲಿ ಒಬ್ಬ ನನಗಿಂತಲೂ ಮೂಕನಾಗಿ ಕೂತಿದ್ದವನನ್ನು ತೋರಿಸಿ "ಇವರು ಏನೋ ಹೇಳಬೇಕು ಅಂತಿದ್ದಾರೆ, ಕೇಳೋಣ" ಅಂದೆ. ಆ ದಿನ ನಾನು ಆಡಿದ ಒಂದೇ ಪೂರ್ತಿ ವಾಕ್ಯ ಅದು. ಸಪ್ಲಾಯರ್ ಕಣ್ಣು ಯಾವಾಗಲೂ ಆರ್ಡರ್ ಕೊಡದ ಟೇಬಲಿನ ಮೇಲೇ ಇರುತ್ತದೆ ನೋಡಿ, ಹಾಗಾಗಿ ಬಂದಿರಬೇಕು. ಯಾಕೋ ಏನೋ, ಮುಂದಿನ ಪಟ್ಟಿಯಲ್ಲಿ ನನ್ನ ಹೆಸರಿತ್ತು.

ಮೂರನೆಯದು ಎರಡು ದಿನ ಬಿಟ್ಟು, ಮತ್ತೆ ಅಲ್ಲೇ. ರಕ್ತಹೀನತೆಗೆ ಕೊಡುವ ಕಬ್ಬಿಣದ ಟಾನಿಕ್ಕಿನ ಒಂದು ಹಾಳೆ ಕೈಗೆ ಕೊಟ್ಟು "ಅರ್ಧ ಗಂಟೆ ಓದಿ, ಆಮೇಲೆ ಡಾಕ್ಟರಿಗೆ ಹೇಳಿ" ಅಂದರು. ಡಾಕ್ಟರ್ ಅಂದರೆ ಕಂಪನಿಯ ಮ್ಯಾನೇಜರ್. ದಪ್ಪ ಕನ್ನಡಕ, ಬಿಳಿ ಶರಟು. ನಾನು ಒಳಗೆ ಹೋಗಿ ಬಾಯಿಪಾಠ ಶುರು ಮಾಡಿದೆ. ಅವರು ನನ್ನ ಮುಖವನ್ನೇ ನೋಡದೆ ಕಾಗದ ತಿರುವುತ್ತಿದ್ದರು, ಗಡಿಯಾರ ನೋಡಿದರು, ಇಲ್ಲದ ಪೇಷಂಟನ್ನು ಒಳಗೆ ಕರೆದರು! ನನಗೆ ಮೂರನೇ ವಾಕ್ಯದಲ್ಲಿ ಎಲ್ಲ ಮರೆತುಹೋಯಿತು. ಬೆವರು. ಆ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದ ಒಂದು ಮಾತು ಮಾತ್ರ ನೆನಪಿಗೆ ಬಂತು. ಚಹಾದ ಜೊತೆ ತೆಗೆದುಕೊಂಡರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

"ಸರ್, ನಿಮ್ಮ ಪೇಷಂಟ್ ಹೆಂಗಸರು ಟಾನಿಕ್ ಯಾವಾಗ ಕುಡಿಯುತ್ತಾರೆ?" ಅಂತ ಕೇಳಿದೆ.

ಅವರು ತಲೆ ಎತ್ತಿದರು. "ಯಾಕೆ?"

"ಇಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಚಹಾ, ತಿಂಡಿ ಜೊತೆ ಚಹಾ, ಊಟದ ಮೇಲೆ ಚಹಾ. ಟಾನಿಕ್ ಒಳ್ಳೆಯದೇ, ಆದರೆ ಚಹಾದ ಜೊತೆ ಹೋದರೆ ದುಡ್ಡು ದಂಡ. ಚಹಾಕ್ಕೂ ಇದಕ್ಕೂ ಒಂದೆರಡು ಗಂಟೆ ಅಂತರ ಇರಲಿ ಅಂತ ನೀವು ಒಂದು ಮಾತು ಹೇಳಿದರೆ ಗುಣ ಬೇಗ ಕಾಣಿಸುತ್ತದೆ. ನಿಂಬೆ ಶರಬತ್ತಿನ ಜೊತೆಯಾದರೆ ಇನ್ನೂ ಒಳ್ಳೆಯದು."

ನನ್ನ ಇಂಗ್ಲಿಷು ಹೇಗಿತ್ತೋ ದೇವರಿಗೇ ಗೊತ್ತು. ಅವರು ಕನ್ನಡಕ ತೆಗೆದು ಒರೆಸಿ, "ಶುಕ್ರವಾರ ಡೊಂಬಿವಲಿ ಸ್ಟೇಷನ್, ಒಂಬತ್ತೂವರೆಗೆ" ಅಂದರು.

ಶುಕ್ರವಾರ ನನ್ನನ್ನು ಒಬ್ಬ ಸೀನಿಯರ್ ರೆಪ್ ಜೊತೆ ಹಾಕಿದರು. ಮರಾಠಿಯವರು, ನಲವತ್ತರ ಹತ್ತಿರದ ವಯಸ್ಸು, ಅರ್ಧ ತಲೆ ನೆರೆತಿತ್ತು. ಆ ದಿನದ ಪಟ್ಟಿಯಲ್ಲಿ ಹನ್ನೊಂದು ಡಾಕ್ಟರರು. ಬೆಳಿಗ್ಗೆ ಡೊಂಬಿವಲಿಯಲ್ಲಿ ಐದು, ಸಂಜೆ ಕಲ್ಯಾಣ್ ಪಶ್ಚಿಮದಲ್ಲಿ ಆರು.

ನಾನು ಅಂದುಕೊಂಡಿದ್ದು, ರೆಪ್ ಅಂದರೆ ಮಾತಾಡುವವ. ಆ ದಿನ ಗೊತ್ತಾಯಿತು, ರೆಪ್ ಅಂದರೆ ಕಾಯುವವ. ಮಾನಪಾಡಾ ರಸ್ತೆಯ ಒಂದು ಕ್ಲಿನಿಕ್ಕಿನಲ್ಲಿ ಐವತ್ತು ನಿಮಿಷ ನಿಂತೆವು. ಬೆಂಚು ಖಾಲಿ ಇದ್ದರೂ ಅವರು ಕೂರಲಿಲ್ಲ. "ಅದು ಪೇಷಂಟ್‌ಗಳದ್ದು" ಅಂದರು. ಒಳಗೆ ಸಿಕ್ಕಿದ್ದು ಒಂದು ನಿಮಿಷಕ್ಕೂ ಕಡಿಮೆ. ಆ ಅಷ್ಟರಲ್ಲಿ ಮೂರು ಮದ್ದಿನ ಚಿತ್ರ ತೋರಿಸಿ, ಎರಡು ಸ್ಯಾಂಪಲ್ ಇಟ್ಟು, ಡಾಕ್ಟರ ಮಗನ ಹತ್ತನೇ ಪರೀಕ್ಷೆ ಬಗ್ಗೆ ವಿಚಾರಿಸಿ ಹೊರಗೆ ಬಂದರು. ಹೊರಗೆ ಬಂದವರು ಕೂಡಲೇ ಮುಂದಕ್ಕೆ ಹೋಗಲಿಲ್ಲ. ಪಕ್ಕದ ಕೆಮಿಸ್ಟ್ ಅಂಗಡಿಗೆ ಹೋಗಿ, ಹಿಂದಿನ ವಾರ ಆ ಡಾಕ್ಟರ್ ನಿಜವಾಗಿ ಯಾರ ಮದ್ದು ಬರೆದಿದ್ದಾರೆ ಅಂತ ಮೆಲ್ಲಗೆ ಕೇಳಿಕೊಂಡರು. "ಡಾಕ್ಟರ್ ಎದುರಿಗೆ ಹೂಂ ಅಂತಾರೆ. ನಿಜ ಕೆಮಿಸ್ಟ್ ಹತ್ತಿರ ಇರ್ತದೆ" ಅಂದರು. ಎದುರಿನ ಮಾತು ಬೇರೆ, ಬಿಲ್ ಬುಕ್ಕು ಬೇರೆ. ಇದು ನನ್ನ ಮೊದಲ ಪಾಠ.

ಮಧ್ಯಾಹ್ನ ಕಲ್ಯಾಣಿನ ಗಾಡಿ ಹಿಡಿದೆವು. ಒಬ್ಬ ಸ್ಟಾಕಿಸ್ಟ್ ಗೋಡೌನಿನಲ್ಲಿ ಕೂತು ಅವರು ಡಬ್ಬಿ ಬಿಚ್ಚಿದರು. ನಾಲ್ಕು ಚಪಾತಿ, ಬಟಾಟೆ ಪಲ್ಯ. ಎರಡು ಚಪಾತಿ ನನಗೆ ಕೊಟ್ಟರು. ನಾನು ಬೇಡ ಅಂದೆ. "ಸಂಜೆವರೆಗೆ ನಿಲ್ಲಬೇಕು, ತಿನ್ನು" ಅಂದರು. ಅನ್ನ ಹಾಕಿದವರ ಲೆಕ್ಕ ನಮ್ಮವರಿಗೆ ಬೇರೆಯೇ ಅಲ್ಲವೇ? ಅದು ಆಮೇಲೆ ನನಗೆ ಅಡ್ಡ ಬಂತು.

ಸಂಜೆಯ ಕ್ಲಿನಿಕ್ಕುಗಳು ತೆರೆಯುವುದು ಐದರ ಮೇಲೆ. ಶಿವಾಜಿ ಚೌಕದ ಹತ್ತಿರ ಒಬ್ಬರನ್ನು ನೋಡಿ ಹೊರಗೆ ಬರುವಾಗ ಆರು ಗಂಟೆ. ಸೀನಿಯರ್ ಗಡಿಯಾರ ನೋಡಿಕೊಂಡರು. "ಇವತ್ತಿಗೆ ಸಾಕು. ಮನೆಯಲ್ಲಿ ಸ್ವಲ್ಪ ಕೆಲಸ ಇದೆ" ಅಂದರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಆ ದಿನದ ರಿಪೋರ್ಟ್ ತುಂಬಿದರು. ನಾನು ಪಕ್ಕದಲ್ಲೇ ಇದ್ದೆ. ಹನ್ನೊಂದು ಹೆಸರು, ಹನ್ನೊಂದು ಸಮಯ, ಯಾರಿಗೆ ಯಾವ ಸ್ಯಾಂಪಲ್. ನಾವು ನೋಡಿದ್ದು ಆರು. ಉಳಿದ ಐದು ಹೆಸರು ಬರೆಯುವಾಗ ಅವರ ಪೆನ್ನು ನಿಲ್ಲಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಕೊನೆಯ ಸುತ್ತು ಸೋಮವಾರ, ಕಂಪನಿಯ ಆಫೀಸಿನಲ್ಲಿ. ಈಗಿನವರಿಗೆ ಥಾಣೆಯಿಂದ ತುರ್ಭೆಗೆ ಹೋಗುವುದೆಂದರೆ ಟ್ರೇನು. ಆ ಲೈನು ಬಂದದ್ದು 2004ರಲ್ಲಿ. ವಾಶಿಗೇ ಮೊದಲ ಬಾರಿ ರೈಲು ಬಂದದ್ದು 1992ರಲ್ಲಿ. 1989ರಲ್ಲಿ ನಮಗೆ ಬಸ್ಸೇ ಗತಿ. ಕಳವಾ ಸೇತುವೆ ದಾಟಿ, ದಿಘಾ, ಐರೋಲಿ, ರಬಾಳೆ ಅಂತ ಒಂದೊಂದೇ ಹೆಸರು ಹೇಳುತ್ತಾ ಹೋಗುವ ಬಸ್ಸು. ಈಗ ಗಾಜಿನ ಕಟ್ಟಡಗಳು ಎದ್ದಿರುವ ಆ ರಸ್ತೆಯಲ್ಲಿ ಆಗ ಕಾರ್ಖಾನೆಯ ಚಿಮಣಿಗಳು, ಮಧ್ಯೆ ಮಧ್ಯೆ ಹುಲ್ಲು, ಕೊಲ್ಲಿಯ ನೀರು. ಬೆಳಗಿನಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ, ಹೋಗುತ್ತಲೂ ಇರಲಿಲ್ಲ.

ಮೇಜಿನ ಆಚೆ ಮೂವರು. ನಡುವೆ ಅದೇ ದಪ್ಪ ಕನ್ನಡಕದ ಮ್ಯಾನೇಜರ್. ನನ್ನ ಅರ್ಜಿ ಅವರ ಕೈಯಲ್ಲಿತ್ತು.

"ಆ ದಿನ ಚಹಾದ ವಿಷಯ ಹೇಳಿದಿರಲ್ಲ. ಉಳಿದ ಯಾರೂ ಅದನ್ನು ಹಿಡಿಯಲಿಲ್ಲ. ನಿಮಗೆ ಹೇಗೆ ಹೊಳೆಯಿತು?"

ಸುಳ್ಳು ತಯಾರಿತ್ತು. ಹಾಳೆಯನ್ನು ಗಮನ ಕೊಟ್ಟು ಓದಿದೆ ಸರ್, ಅಂದರೆ ಮುಗಿಯಿತು. ಆದರೆ ಬಾಯಿಗೆ ಬಂದದ್ದು ಬೇರೆ. "ಸರ್, ನಾನು ಹೋಟೇಲಿನವ. ಹದಿನಾಲ್ಕನೇ ವಯಸ್ಸಿನಿಂದ ಚಹಾದ ಲೋಟ ತೊಳೆದಿದ್ದೇನೆ, ಚಹಾ ಕೊಟ್ಟಿದ್ದೇನೆ, ಈಗ ಚಹಾದ ದುಡ್ಡು ಎಣಿಸುತ್ತೇನೆ. ಈ ಊರು ದಿನಕ್ಕೆ ಎಷ್ಟು ಚಹಾ ಕುಡಿಯುತ್ತದೆ ಅಂತ ನನಗೆ ಗೊತ್ತು."

"ಇಲ್ಲಿ ಲೆಕ್ಕಪತ್ರ ಸಹಾಯಕ ಅಂತ ಇದೆ."

"ನಾಚಿಕೆಯಾಗಿ ಹಾಗೆ ಬರೆದೆ ಸರ್."

ಬಲಗಡೆಯವರು ಸಣ್ಣಗೆ ನಕ್ಕರು. ಮ್ಯಾನೇಜರ್ ನಗಲಿಲ್ಲ. ಅರ್ಜಿಯ ಮೇಲೆ ಏನೋ ಗೀಚಿದರು. ನನಗೆ ಎದೆ ಹಗುರಾಯಿತು. ಸಿಕ್ಕರೆ ಸಿಗಲಿ, ಬಿಟ್ಟರೆ ಬಿಡಲಿ, ಗಲ್ಲಾ ಇದ್ದೇ ಇದೆ ಅನ್ನಿಸಿತು. ಆಗ ಅವರು ತಲೆ ಎತ್ತದೆ ಕೇಳಿದರು:

"ಶುಕ್ರವಾರ ಎಷ್ಟು ಡಾಕ್ಟರನ್ನು ನೋಡಿದಿರಿ?"

ನೋಡಿ, ಒಂದು ನಿಮಿಷದ ಹಿಂದೆ ಸತ್ಯ ಹೇಳಿ ಹಗುರಾದವ ನಾನು. ಆದರೆ ಅದು ನನ್ನ ಸತ್ಯ, ನನಗೇ ಸೇರಿದ್ದು. ಇದು ಇನ್ನೊಬ್ಬರ ಅನ್ನದ ಪ್ರಶ್ನೆ. ಆರು ಅಂದರೆ ಆ ಮನುಷ್ಯನ ಕಥೆ ಏನು? ಹನ್ನೊಂದು ಅಂದರೆ ನಾನು ಯಾರು? ಬಟಾಟೆ ಪಲ್ಯದ ಡಬ್ಬಿ ಕಣ್ಣ ಮುಂದೆ ಬಂತು. ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಡಬ್ಬಿಯ ಜೊತೆಗೇ ಇನ್ನೊಂದು ಯೋಚನೆಯೂ ಬಂತು. ಕೆಲಸಕ್ಕೆ ಸೇರುವ ಮೊದಲೇ ಸೀನಿಯರ್ ಮೇಲೆ ಚಾಡಿ ಹೇಳುವವನನ್ನು ಯಾರು ತೆಗೆದುಕೊಳ್ಳುತ್ತಾರೆ? ಹಾಗಾಗಿ ನಾನು ಅವರನ್ನು ಉಳಿಸಿದೆನೋ, ನನ್ನನ್ನು ಉಳಿಸಿಕೊಂಡೆನೋ ಇವತ್ತಿಗೂ ಹೇಳಲಾರೆ.

"ಹನ್ನೊಂದು ಸರ್" ಅಂದೆ.

"ಸರಿ" ಅಂದರು. ಅಷ್ಟೇ.

ಹನ್ನೆರಡನೇ ದಿನ ಹೋಟೇಲಿನ ವಿಳಾಸಕ್ಕೆ ಪತ್ರ ಬಂತು. ತಿಂಗಳಿಗೆ 1,400 ರೂಪಾಯಿ, ದಿನದ ಭತ್ಯೆ ಬೇರೆ. ಮಾವ ಪತ್ರವನ್ನು ದೇವರ ಫೋಟೋದ ಕೆಳಗಿಟ್ಟು, "ಗಲ್ಲಾಕ್ಕೆ ಬೇರೆ ಹುಡುಗನನ್ನು ನೋಡಬೇಕಾಯ್ತು" ಅಂದರು. ಸಂತೋಷವೋ ಬೇಸರವೋ ಮುಖದಲ್ಲಿ ಗೊತ್ತಾಗಲಿಲ್ಲ. ಆ ರಾತ್ರಿ ಎಲ್ಲ ಹುಡುಗರಿಗೂ ಶಿರಾ ಮಾಡಿಸಿದರು.

ಕೆಲಸಕ್ಕೆ ಸೇರಿ ಸುಮಾರು ಒಂದು ವರ್ಷ ಆಗಿತ್ತು. ಒಂದು ಮಳೆಗಾಲದ ಸಂಜೆ ಗಾಡಿಗಳೆಲ್ಲ ತಡವಾಗಿ ಕಲ್ಯಾಣ್ ಸ್ಟೇಷನ್ನಿನಲ್ಲಿ ನಾನೂ ಆ ಸೀನಿಯರೂ ಸಿಕ್ಕಿಬಿದ್ದೆವು. ಅದೇ ಪ್ಲಾಟ್‌ಫಾರ್ಮು. ಮಾತಿಗೆ ಮಾತು ಬಂದು ಅವರೇ ಆ ಶುಕ್ರವಾರದ ವಿಷಯ ತೆಗೆದರು. ಅವರ ತಾಯಿಗೆ ಆಗ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರಂತೆ. ನೋಡಿಕೊಳ್ಳುವ ಬಾಯಿ ಏಳು ಗಂಟೆಗೆ ಹೊರಟುಬಿಡುತ್ತಿದ್ದಳಂತೆ. ಹಾಗಾಗಿ ಸಂಜೆಯ ಡಾಕ್ಟರರು ತಪ್ಪುತ್ತಿದ್ದರು.

"ಆ ರಾತ್ರಿಯೇ ಅಂಗಡಿಯಿಂದ ಸಾಹೇಬರಿಗೆ ಫೋನ್ ಮಾಡಿ ಹೇಳಿದ್ದೆ" ಅಂದರು. "ರಿಪೋರ್ಟಿನಲ್ಲಿ ಹನ್ನೊಂದು ಇದೆ, ನೋಡಿದ್ದು ಆರು ಅಂತ."

ನನಗೆ ಮಾತೇ ಹೊರಡಲಿಲ್ಲ. "ಹಾಗಾದರೆ ಸೋಮವಾರ ಅವರು ಕೇಳಿದಾಗ..."

"ಅವರಿಗೆ ಗೊತ್ತಿತ್ತು."

"ನಾನು ಹನ್ನೊಂದು ಅಂದೆ."

"ಅದೂ ಗೊತ್ತು. ನನಗೆ ಹೇಳಿದರು." ಸ್ವಲ್ಪ ಹೊತ್ತು ಮಳೆ ನೋಡಿ ಅವರು ಅಂದರು, "ನಿನಗೆ ಸುಳ್ಳು ಹೇಳುವ ಕಷ್ಟ ಬರಬಾರದು ಅಂತಲೇ ನಾನು ಫೋನ್ ಮಾಡಿದ್ದು. ಹುಡುಗ ಹೊಸಬ, ಅವನ ತಲೆ ಮೇಲೆ ಯಾಕೆ ಹಾಕಬೇಕು ಅಂತ. ನೀನು ಆರು ಅಂದಿದ್ದರೆ ನನಗೆ ಏನೂ ಬೇಸರ ಇರಲಿಲ್ಲ."

ನನ್ನನ್ನು ತೆಗೆದುಕೊಂಡದ್ದು ಸುಳ್ಳು ಹೇಳಿದ್ದಕ್ಕೋ? ಸುಳ್ಳು ಹೇಳಿಯೂ ತೆಗೆದುಕೊಂಡರೋ? ಆ ಮ್ಯಾನೇಜರ ಕೈಕೆಳಗೆ ಆರು ವರ್ಷ ಕೆಲಸ ಮಾಡಿದೆ. ಒಮ್ಮೆಯೂ ಕೇಳುವ ಧೈರ್ಯ ಬರಲಿಲ್ಲ. ಅವರೂ ಹೇಳಲಿಲ್ಲ. ಈಗ ಅವರಿಲ್ಲ. ಕೇಳಿದ್ದರೆ ಒಂದು ಉತ್ತರ ಸಿಗುತ್ತಿತ್ತೇನೋ. ಸಿಕ್ಕಿದ್ದರೆ ನಾನು ಇಷ್ಟು ವರ್ಷ ಇದನ್ನು ಯೋಚಿಸುತ್ತಲೂ ಇರಲಿಲ್ಲವೇನೋ.

ಆಮೇಲೆ ನನಗೂ ಮೇಜಿನ ಆಚೆ ಕಡೆ ಕೂರುವ ಯೋಗ ಬಂತು. ಬೇರೆ ಕಂಪನಿ, ವಾಶಿಯಲ್ಲಿ ಆಫೀಸು. 2006ರಲ್ಲಿ ಕೆಲಸಕ್ಕೆ ಬಂದ ಒಬ್ಬ ಹುಡುಗಿಯನ್ನು ಒಂದು ದಿನ ಥಾಣೆಯ ನೌಪಾಡಾ ಕಡೆ ಒಬ್ಬ ರೆಪ್ ಜೊತೆ ಕಳಿಸಿದ್ದೆ. ಅವನ ರಿಪೋರ್ಟಿನಲ್ಲಿ ಹತ್ತು ಇತ್ತು. ನನಗೆ ಅನುಮಾನ ಇತ್ತು. ಯಾವ ದೆವ್ವ ಹೊಕ್ಕಿತೋ, ಅದೇ ಪ್ರಶ್ನೆಯನ್ನು ಅವಳಿಗೆ ಕೇಳಿಬಿಟ್ಟೆ. ಎಷ್ಟು ಡಾಕ್ಟರನ್ನು ನೋಡಿದಿರಿ?

ಅವಳು ಒಂದು ಕ್ಷಣ ಸುಮ್ಮನಿದ್ದು ಅಂದಳು, "ಸರ್, ನಾನು ಒಳಗೆ ಹೋದದ್ದು ಏಳು ಕಡೆ. ಉಳಿದದ್ದನ್ನು ನೀವು ಅವರನ್ನೇ ಕೇಳಿ."

ಹದಿನೇಳು ವರ್ಷ ನಾನು ಹುಡುಕುತ್ತಿದ್ದ ಉತ್ತರ ಅದು. ಸುಳ್ಳೂ ಇಲ್ಲ, ಚಾಡಿಯೂ ಇಲ್ಲ. ಎಷ್ಟು ಸುಲಭ ಇತ್ತು! ಅವಳನ್ನು ತೆಗೆದುಕೊಂಡೆ. ಆದರೆ ಅವಳ ಮುಖದಲ್ಲಿ ಆ ಒಂದು ಕ್ಷಣ ಕಂಡ ಹೆದರಿಕೆ ಇದೆಯಲ್ಲ, ಅದು ನನ್ನದೇ ಮುಖ. ಅನ್ನ ಬೇಕಾದವರ ಎದುರು ಇನ್ನೊಬ್ಬರ ಅನ್ನವನ್ನು ಇಟ್ಟು ಪರೀಕ್ಷೆ ಮಾಡುವುದು ಯಾವ ನ್ಯಾಯ? ಆಮೇಲೆ ಆ ಪ್ರಶ್ನೆಯನ್ನು ನಾನು ಯಾರಿಗೂ ಕೇಳಲಿಲ್ಲ. ಆ ರೆಪ್‌ನನ್ನು ಒಬ್ಬನನ್ನೇ ಕರೆದು ಮಾತಾಡಿದೆ. ಅವನದ್ದೂ ಒಂದು ಮನೆ ಕಥೆ ಇತ್ತು. ಇದ್ದೇ ಇರುತ್ತದೆ.

ಈಗ ಆ ಪ್ರಶ್ನೆಯ ಕೆಲಸವನ್ನು ಮೊಬೈಲು ಮಾಡುತ್ತದೆ. ರೆಪ್ ಕ್ಲಿನಿಕ್ ಬಾಗಿಲಲ್ಲಿ ನಿಂತು ಆ್ಯಪ್ ಒತ್ತಿದರೆ ಎಲ್ಲಿದ್ದಾನೆ, ಎಷ್ಟು ಗಂಟೆಗೆ ಎಂಬುದು ಆಫೀಸಿಗೆ ಹೋಗುತ್ತದೆ. 2024ರ ಮಾರ್ಚಿನಲ್ಲಿ ಸರಕಾರ ಹೊರಡಿಸಿದ ನೀತಿಸಂಹಿತೆಯಲ್ಲಿ ಡಾಕ್ಟರರಿಗೆ ಉಡುಗೊರೆ ಕೊಡಬಾರದು ಅಂತ ಇದೆ. ಕೆಲಸ ಬದಲಾಗಿದೆ. ಆದರೆ ಅರ್ಜಿಯಲ್ಲಿ ಕಾಲಂಗಳು ಇನ್ನೂ ಇವೆ, ಅವುಗಳ ಎದುರು ಪೆನ್ನು ಹಿಡಿದು ಕೂರುವ ಹುಡುಗರೂ ಇದ್ದಾರೆ.

ಇದೆಲ್ಲ ತಲೆಯಲ್ಲಿ ಸುತ್ತಿ ಸಂಜೆ ಮೂರನೇ ಮಾಳಿಗೆಗೆ ಹೋದೆ. ಹುಡುಗ ಲ್ಯಾಪ್‌ಟಾಪ್ ಎದುರು ಕೂತಿದ್ದ.

"ನಿನ್ನ ಫಾರ್ಮಿನಲ್ಲಿ ಅಪ್ಪ ಏನು ಮಾಡ್ತಾರೆ ಅಂತ ಬರೆದಿದ್ದೀ?" ಕೇಳಿದೆ.

"ಬಿಸಿನೆಸ್ ಅಂತ."

ಅವನ ಅಪ್ಪ ಡೊಂಬಿವಲಿ ಎಂ.ಐ.ಡಿ.ಸಿ.ಯಲ್ಲಿ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾರೆ. ಬೆಳಿಗ್ಗೆ ನಾಲ್ಕೂವರೆಗೆ ಅವರು ಮೆಟ್ಟಿಲು ಇಳಿಯುವ ಸದ್ದು ನಮ್ಮ ಮನೆಗೂ ಕೇಳುತ್ತದೆ. ಕಾಲೇಜು ರಜೆಯಲ್ಲಿ ಈ ಹುಡುಗನೂ ಅಲ್ಲಿ ಕೈಜೋಡಿಸಿದ್ದು ನನಗೆ ಗೊತ್ತು.

"ನೀನೂ ಅಲ್ಲಿ ಬಡಿಸಿದ್ದೀಯಲ್ಲ?"

"ಅದನ್ನೆಲ್ಲ ಹೇಳ್ಬೇಕಾ ಅಂಕಲ್?"

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಬೆಳಿಗ್ಗೆ ಅವನು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಅವರಿಗೆ ಏನು ಹೇಳಿದರೆ ಖುಷಿಯಾಗುತ್ತದೆ ಅಂತ ನನಗೆ ಗೊತ್ತಿಲ್ಲ. ಅದನ್ನೇ ಅವನಿಗೆ ಹೇಳಿದೆ. "ಆದರೆ ಕೇಳಿದರೆ ಕ್ಯಾಂಟೀನ್ ಅಂತ ಹೇಳು. ಮುನ್ನೂರು ಜನರಿಗೆ ಅರ್ಧ ಗಂಟೆಯಲ್ಲಿ ಊಟ ಬಡಿಸಿದವನಿಗೆ ಕಾಯುವುದೂ ಗೊತ್ತು, ಯಾರಿಗೆ ಏನು ಬೇಕು ಅಂತಲೂ ಗೊತ್ತು. ಸೇಲ್ಸ್ ಅಂದರೆ ಅಷ್ಟೇ ಮಾರಾಯಾ. ಮತ್ತೆ, ಜೊತೆಗೆ ಬಂದವರು ಏನು ಮಾಡಿದರು ಅಂತ ಕೇಳಿದರೆ, ನೀನು ಮಾಡಿದ್ದನ್ನು ಮಾತ್ರ ಹೇಳು."

ಅವನು ತಲೆಯಾಡಿಸಿದ. ಪೂರ್ತಿ ಒಪ್ಪಿದನೋ ಇಲ್ಲವೋ ಗೊತ್ತಿಲ್ಲ. ಈ ವಯಸ್ಸಿನಲ್ಲಿ ನಾನೂ ಒಪ್ಪುತ್ತಿರಲಿಲ್ಲ.

ಹೊರಡುವಾಗ ಅಕ್ಕ ಒಂದು ಲೋಟ ಚಹಾ ಕೊಟ್ಟರು. ಗುರುವಾರ ಬೆಳಿಗ್ಗೆ ಅವನು ಥಾಣೆಗೆ ಹೋಗುತ್ತಾನೆ. ಟೈ ಕಟ್ಟಲು ಬರುತ್ತದಾ ಅಂತ ಕೇಳುವುದು ಮರೆತೆ. ಬುಧವಾರ ರಾತ್ರಿ ಒಮ್ಮೆ ಮೇಲೆ ಹೋಗಿ ಬರಬೇಕು.